ಅರ್ಧ ಜಾತಿ ಅಳಿದರೂ 0.98!

ಮಾನ್ಯರೇ,

ಮಲೆನಾಡಿನ ಕಾಡಿನ ಬಗ್ಗೆ ‘ಸಿಂಪ್ಸನ್ ವೈವಿಧ್ಯ ಸೂಚ್ಯಂಕ 0.98’ ಎಂದು ಓದಿದರೆ ಯಾರಿಗಾದರೂ ಸಮಾಧಾನವಾದೀತು. ಆದರೆ ಲೆಕ್ಕ ಹಾಕಿ ನೋಡಿ: 100 ಜಾತಿಯ ಮರಗಳು ಸಮಾನ ಸಂಖ್ಯೆಯಲ್ಲಿರುವ ಕಾಡಿಗೆ ಸೂಚ್ಯಂಕ 0.99. ಅದರಲ್ಲಿ 50 ಜಾತಿ ಅಳಿದುಹೋದರೆ 0.98. ಅರ್ಧಕ್ಕರ್ಧ ನಷ್ಟ ಆ ಅಂಕಿಯಲ್ಲಿ ಕಾಣುವುದೇ ಇಲ್ಲ. 1949ರ ಆ ಸೂತ್ರದಲ್ಲಿ ತಪ್ಪಿಲ್ಲ. ಕಣ್ಣುಮುಚ್ಚಿ ಆರಿಸಿದ ಎರಡು ಮರ ಬೇರೆಬೇರೆ ಜಾತಿಯವಾಗುವ ಸಂಭವವನ್ನಷ್ಟೇ ಅದು ಹೇಳುತ್ತದೆ. ನಾವು ಅದನ್ನೇ ವೈವಿಧ್ಯ ಎಂದು ಓದುತ್ತಿದ್ದೇವೆ.

ಪರಿಸರ ವಿಜ್ಞಾನಿ ಮಾರ್ಕ್ ಹಿಲ್ 1973ರಲ್ಲೇ ದಾರಿ ತೋರಿಸಿದ್ದಾರೆ: ಸೂಚ್ಯಂಕವನ್ನು ‘ಪರಿಣಾಮಕಾರಿ ಜಾತಿಸಂಖ್ಯೆ’ಗೆ, ಅಂದರೆ ಅಷ್ಟೇ ಸೂಚ್ಯಂಕ ಕೊಡುವ ಸಮಪಾಲಿನ ಜಾತಿಗಳ ಸಂಖ್ಯೆಗೆ, ಬದಲಿಸಬೇಕು. ತೋಟವೊಂದರಲ್ಲಿ ಅಡಿಕೆ 80, ಬಾಳೆ 10, ತೆಂಗು 5, ಹಲಸು 5 ಇವೆ ಎನ್ನಿ. ಪಾಲುಗಳ ವರ್ಗಗಳನ್ನು (0.8 × 0.8 ಹೀಗೆ) ಕೂಡಿದರೆ 0.655, 1ನ್ನು ಅದರಿಂದ ಭಾಗಿಸಿದರೆ 1.53. ಪ್ರತಿ ಪಾಲನ್ನು ಅದರ ಲಾಗರಿದಮ್ಮಿನಿಂದ ಗುಣಿಸಿ, ಕೂಡಿ, ಋಣ ಚಿಹ್ನೆ ತೆಗೆದರೆ ಬರುವ ಶಾನನ್ ಸೂಚ್ಯಂಕ 0.708, ಇ-ಯನ್ನು (ಸುಮಾರು 2.718) ಆ ಘಾತಕ್ಕೆ ಏರಿಸಿದರೆ 2.03. ಪಟ್ಟಿಯಲ್ಲಿ ನಾಲ್ಕು ಜಾತಿ, ಲೆಕ್ಕಕ್ಕೆ ಬರುವುದು ಒಂದೂವರೆ! 4, 2.03, 1.53 ಮೂರನ್ನೂ ಒಟ್ಟಿಗೆ ಕೊಟ್ಟರೆ ಅಡಿಕೆ ಎಷ್ಟು ಆವರಿಸಿದೆ ಎಂಬುದು ಯಾರಿಗೂ ತಿಳಿಯುತ್ತದೆ. ಶಾನನ್ ಲೆಕ್ಕದಲ್ಲಿ ಲಾಗರಿದಮ್ಮಿನ ಆಧಾರಸಂಖ್ಯೆ ಬರೆಯಲೇಬೇಕು. ಸಮನಾದ ನಾಲ್ಕು ಜಾತಿಗೆ ಆಧಾರ 2 ಆದರೆ ಉತ್ತರ 2, ಇ ಆದರೆ 1.386, 10 ಆದರೆ 0.602.

ಅಡಿಕೆ ಮಾರುಕಟ್ಟೆಗೂ ಇದೇ ಗಣಿತ. ನಾಲ್ವರು ಖರೀದಿದಾರರ ಪಾಲು ಶೇ 40, 30, 20, 10 ಇದ್ದರೆ ವರ್ಗಗಳ ಮೊತ್ತ, ಅಂದರೆ ಮಾರುಕಟ್ಟೆ ಎಷ್ಟು ಕೆಲವರ ಕೈಯಲ್ಲಿದೆ ಎಂದು ಅಳೆಯುವ ಹರ್ಫಿಂಡಾಲ್-ಹರ್ಷ್‌ಮನ್ ಸೂಚ್ಯಂಕ, 3000. 10,000ವನ್ನು ಅದರಿಂದ ಭಾಗಿಸಿದರೆ ಪರಿಣಾಮಕಾರಿ ಖರೀದಿದಾರರ ಸಂಖ್ಯೆ 3.33. ಎರಡನೆಯ, ಮೂರನೆಯ ಹೆಸರುಗಳ ಹಿಂದೆ ಒಬ್ಬನೇ ಇದ್ದರೆ ಅದು 2.38ಕ್ಕೆ ಇಳಿಯುತ್ತದೆ. ಹಾಗಾಗಿ ಪರವಾನಗಿಗಳನ್ನಲ್ಲ, ಮಾಲೀಕರನ್ನು ಎಣಿಸಬೇಕು.

ಇನ್ನೊಂದು ಕೊರತೆಯೂ ಇದೆ. ಈ ಸೂತ್ರಗಳಿಗೆ ನೇರಳೆ-ಕುಂಟುನೇರಳೆಯ ಅಂತರವೂ ನೇರಳೆ-ಬಿದಿರಿನ ಅಂತರವೂ ಒಂದೇ. ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1982ರಲ್ಲಿ ಪ್ರತಿ ಜೋಡಿಯ ಪಾಲುಗಳನ್ನು ಅವುಗಳ ನಡುವಿನ ದೂರದಿಂದ ಗುಣಿಸಿ ಕೂಡುವ ಸೂತ್ರ ಕೊಟ್ಟರು. ಯಾವ ದೂರ ಬಳಸಿದೆವೆಂಬ ಕೋಷ್ಟಕವಿಲ್ಲದೆ ಅದರ ಉತ್ತರವನ್ನು ಪರಿಶೀಲಿಸಲಾಗದು.

ಪಂಚಾಯಿತಿಗಳ ಜೀವವೈವಿಧ್ಯ ದಾಖಲಾತಿಯಲ್ಲಿ ಮರದ ಹೆಸರಿನ ಮುಂದೆ ಎಣಿಕೆಯನ್ನೂ ಜಾಗದ ವಿಸ್ತೀರ್ಣವನ್ನೂ ಬರೆಯಲಿ. 200 ಮರ ಎಣಿಸಿದಾಗ 20 ಜಾತಿ ಒಂದೊಂದೇ ಸಿಕ್ಕಿದ್ದರೆ, ಆ ಕಾಡಿನ ಸುಮಾರು ಹತ್ತರಲ್ಲೊಂದು ಮರ ಇನ್ನೂ ಪಟ್ಟಿಗೆ ಬಾರದ ಜಾತಿಯದು. ಎರಡು ಕಾಡುಗಳನ್ನು ಹೋಲಿಸುವ ಮುನ್ನ ಈ ಪ್ರಮಾಣವನ್ನು ಸಮ ಮಾಡಿಕೊಳ್ಳಬೇಕು.

– ಇಬ್ಬರು ಸಂಖ್ಯಾಶಾಸ್ತ್ರ ಅಧ್ಯಾಪಕರು, ಶಿವಮೊಗ್ಗ