ಹಾಲಿನ ಡಿಗ್ರಿ ನೋಡಿದರಷ್ಟೇ ಸಾಲದು

ಮಾನ್ಯರೇ,

ಹಾಲಿನ ಕಲಬೆರಕೆಯ ಸುದ್ದಿ ಬಂದಾಗಲೆಲ್ಲ ‘ಹಿಂದೆ ಈ ಮೋಸ ಇರಲಿಲ್ಲ’ ಎಂಬ ಮಾತೂ ಕೇಳಿಬರುತ್ತದೆ. ಹಳ್ಳಿಯ ಹಾಲು ಉತ್ಪಾದಕರ ಸಂಘವೊಂದರಲ್ಲಿ ಹಾಲು ಪರೀಕ್ಷಕನಾಗಿ ದುಡಿದ ನಾನು ಇದನ್ನು ಒಪ್ಪಲಾರೆ. ಮೋಸ ಇರದಿದ್ದರೆ, ಮಂಗಳೂರು, ಬಳ್ಳಾರಿಗಳು ಸೇರಿದ್ದ ಮದ್ರಾಸ್ ಪ್ರಾಂತ್ಯವು 1918ರಲ್ಲಿಯೂ ಧಾರವಾಡ, ಬೆಳಗಾವಿಗಳು ಸೇರಿದ್ದ ಮುಂಬಯಿ ಪ್ರಾಂತ್ಯವು 1925ರಲ್ಲಿಯೂ ಕಲಬೆರಕೆ ತಡೆಗೆ ತಮ್ಮದೇ ಕಾಯ್ದೆ ಮಾಡಿಕೊಳ್ಳಬೇಕಾಗಿ ಬರುತ್ತಿರಲಿಲ್ಲ. ದೇಶಮಟ್ಟದ ಕಾಯ್ದೆ ಬಂದದ್ದು 1954ರಲ್ಲಿ.

ಹಾಲು ತಂದ ಜಾಗದಲ್ಲೇ ಪರೀಕ್ಷಿಸಲು ಬಹುಕಾಲದಿಂದ ಬಳಕೆಯಲ್ಲಿರುವುದು ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್. ನಮ್ಮ ರೈತರ ಮಾತಿನಲ್ಲಿ ‘ಡಿಗ್ರಿ ನೋಡುವುದು’. ನೀರು ಬೆರೆಸಿದರೆ ಡಿಗ್ರಿ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಕೆನೆ ತೆಗೆದು, ಅದಕ್ಕೆ ಸರಿಹೊಂದುವಷ್ಟು ನೀರು ಸೇರಿಸಿದರೆ ಒಳ್ಳೆಯ ಹಾಲಿನ ಡಿಗ್ರಿಯೇ ಬರುತ್ತದೆ! ಈ ಕೈಚಳಕ ಸಿಕ್ಕಿಬೀಳುವುದು ಫ್ಯಾಟ್ ಪರೀಕ್ಷೆಯಲ್ಲಿ. ಗರ್ಬರ್ ವಿಧಾನದಲ್ಲಿ 10 ಮಿ.ಲೀ. ಗಂಧಕಾಮ್ಲಕ್ಕೆ 10.75 ಮಿ.ಲೀ. ಹಾಲು ಮತ್ತು 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಸೇರಿಸಿ ಯಂತ್ರದಲ್ಲಿ ತಿರುಗಿಸಿದಾಗ, ಜಿಡ್ಡು ಬೇರೆಯಾಗಿ ಗಾಜಿನ ಕೊಳವೆಯ ಕತ್ತಿನಲ್ಲಿ ನಿಲ್ಲುತ್ತದೆ. ಅಲ್ಲಿರುವ ಗೆರೆಗಳನ್ನು ಓದಿದರೆ ಎಷ್ಟು ಜಿಡ್ಡಿದೆ ಎಂಬುದು ತಿಳಿಯುತ್ತದೆ. ಆಮ್ಲದಿಂದ ಕೈ ಸುಟ್ಟುಕೊಂಡೇ ನಾವು ಈ ಕೆಲಸ ಕಲಿತೆವು.

ಆದರೆ ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಸಂಗತಿ. 1954ರ ಕಾಯ್ದೆಯಡಿ ಆಹಾರ ನಿರೀಕ್ಷಕರು ತೆಗೆಯುತ್ತಿದ್ದ ಹಾಲಿನ ಮಾದರಿ ಕೆಡದಿರಲೆಂದು ಅದಕ್ಕೆ ಫಾರ್ಮಾಲಿನ್ ಹಾಕುತ್ತಿದ್ದರು. ಅದು ರೋಗಾಣುಗಳನ್ನೂ ಕೊಲ್ಲುವುದರಿಂದ, ಅಂಥ ಮಾದರಿಯಿಂದ ಜಿಡ್ಡು ಎಷ್ಟು, ಜಿಡ್ಡೇತರ ಘನಾಂಶ ಎಷ್ಟು ಎಂದು ಹೇಳಬಹುದಿತ್ತೇ ಹೊರತು, ಹಾಲು ಕೊಳಕು ಪಾತ್ರೆಯಿಂದ ಬಂದಿತ್ತೇ, ಅದರಲ್ಲಿ ಕ್ಷಯದ ರೋಗಾಣುಗಳಿದ್ದವೇ ಎಂದು ಹೇಳಲಾಗುತ್ತಿರಲಿಲ್ಲ. ಅಮೆರಿಕದ ಷಿಕಾಗೊ ನಗರಾಡಳಿತ 1908ರಲ್ಲಿಯೇ, ಕ್ಷಯ ಪರೀಕ್ಷೆಯಾದ ಹಸುಗಳ ಹಾಲನ್ನು ಬಿಟ್ಟು ಉಳಿದೆಲ್ಲ ಹಾಲನ್ನೂ ಪಾಶ್ಚರೀಕರಿಸಿ (ರೋಗಾಣು ಸಾಯುವಷ್ಟು ಬಿಸಿ ಮಾಡಿ) ಮಾರಬೇಕೆಂದು ಆಜ್ಞೆ ಮಾಡಿತ್ತು. ಅಂಥ ಕಟ್ಟಳೆ ಇಲ್ಲದ ಕಾಲದಲ್ಲಿ ನಮ್ಮನ್ನು ಕಾಪಾಡಿದ್ದು ಹಾಲನ್ನು ಉಕ್ಕಿಸಿ ಕುಡಿಯುವ ನಮ್ಮ ತಾಯಂದಿರ ರೂಢಿ.

ಪಟ್ಟಣಗಳಲ್ಲಿ ಇಂದಿಗೂ ಬಿಡಿ ಹಾಲನ್ನೇ ನೆಚ್ಚಿಕೊಂಡ ಮನೆಗಳು ಬಹಳ. ಆದ್ದರಿಂದ ಆಹಾರ ಸುರಕ್ಷತಾ ಅಧಿಕಾರಿಗಳು ನಗರಸಭೆಯೊಡನೆ ಸೇರಿ, ಬೆಳಗಿನ ಜಾವ ಹಾಲು ಹಂಚಿಕೆಯಾಗುವ ಹೊತ್ತಿನಲ್ಲೇ ಮಾದರಿ ಸಂಗ್ರಹಿಸಬೇಕು. ಒಂದು ಭಾಗವನ್ನು ಫಾರ್ಮಾಲಿನ್ ಹಾಕದೆ ಮಂಜುಗಡ್ಡೆಯಲ್ಲಿಟ್ಟು ಒಯ್ಯಬೇಕು. ಮಿಥಿಲೀನ್ ಬ್ಲೂ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯವೇನೂ ಬೇಡ: ಹಾಲಿಗೆ ಹಾಕಿದ ನೀಲಿ ಬಣ್ಣ ಎಷ್ಟು ಬೇಗ ಮಾಯವಾಗುತ್ತದೋ ಸೂಕ್ಷ್ಮಾಣುಗಳು ಅಷ್ಟು ಹೆಚ್ಚು. ಫಲಿತಾಂಶವನ್ನು ವಾರಕ್ಕೊಮ್ಮೆ ವಾರ್ಡ್ ಕಚೇರಿಯ ಸೂಚನಾ ಫಲಕದಲ್ಲಿ ಹಾಕಬೇಕೆಂದು ಸಂಬಂಧಪಟ್ಟವರನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ನಿವೃತ್ತ ಹಾಲು ಪರೀಕ್ಷಕ, ಮಂಡ್ಯ ಜಿಲ್ಲೆ