ಆತಕೂರಿನ ಕಲ್ಲು ನಮ್ಮ ಕೈಗೂ ಸಿಗಲಿ

ಮಾನ್ಯ ಸಂಪಾದಕರೇ,

ವಸ್ತುಸಂಗ್ರಹಾಲಯಗಳ ನವೀಕರಣದ ಮಾತು ಬಂದಾಗಲೆಲ್ಲ ಅಂಗವಿಕಲರಿಗೆ ಸಿಗುವ ಭರವಸೆ ಒಂದೇ: ಬಾಗಿಲಲ್ಲಿ ಇಳಿಜಾರು ಕಟ್ಟಿಸುತ್ತೇವೆ. ಇಳಿಜಾರು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳಗೆ ಹೋದ ಮೇಲೆ ನಮಗೆ ಏನು ಸಿಗುತ್ತದೆ ಎಂಬುದನ್ನು ಯಾರೂ ಕೇಳುತ್ತಿಲ್ಲ.

ನನಗೆ ಹುಟ್ಟಿನಿಂದಲೂ ಕಣ್ಣು ಕಾಣಿಸುವುದಿಲ್ಲ. ಪದವಿ ತರಗತಿಗಳಿಗೆ ಹಳಗನ್ನಡ ಮತ್ತು ಶಾಸನಗಳ ಪಾಠ ಹೇಳಿ ನಿವೃತ್ತನಾದವನು ನಾನು. ನಮ್ಮ ಮಂಡ್ಯ ಜಿಲ್ಲೆಯದೇ ಆದ ಆತಕೂರಿನ ಶಾಸನವನ್ನು ವರ್ಷ ವರ್ಷವೂ ವಿದ್ಯಾರ್ಥಿಗಳಿಗೆ ಬಣ್ಣಿಸಿದ್ದೇನೆ. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯ ಮಡಿದ ಕಾಲ, ಕ್ರಿ.ಶ. 949-50. ಗಂಗ ದೊರೆ ಬೂತುಗ ತನ್ನ ಭಟ ಮಣಲೇರನ ಪರಾಕ್ರಮಕ್ಕೆ ಮೆಚ್ಚಿದಾಗ ಆತ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಸೆಣಸಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ನಾಯಿ ಹಂದಿಯನ್ನು ಎಲ್ಲಿ ಕಚ್ಚಿ ಹಿಡಿದಿದೆ, ಹಂದಿ ನಾಯಿಗಿಂತ ಎಷ್ಟು ದೊಡ್ಡದು ಎಂಬುದನ್ನು ಕಂಡವರು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ನನ್ನ ಬೆರಳಿಗೆ ಅದು ಇನ್ನೂ ಗೊತ್ತಿಲ್ಲ.

ಶಾಸನವೆಂದರೆ ಕೊರೆದ ಬರಹ, ಬೆರಳಿಗೆ ಒದಗುವ ಬರಹ. ಒಮ್ಮೆ ಹಳ್ಳಿಯೊಂದರ ದೇವಸ್ಥಾನದ ಅಂಗಳದಲ್ಲಿದ್ದ ಕಲ್ಲಿನ ಮೇಲೆ ಗೆಳೆಯರೊಬ್ಬರು ನನ್ನ ತೋರುಬೆರಳು ಹಿಡಿದು ಅಕ್ಷರಗಳ ತೋಡಿನಲ್ಲಿ ಮೆಲ್ಲಗೆ ನಡೆಸಿದರು. ಉಳಿ ಆಳಕ್ಕೆ ಇಳಿದ ಕಡೆ ಅಂಚು ಚೂಪಾಗಿತ್ತು, ಮಳೆ ಸವೆಸಿದ ಕಡೆ ನುಣುಪಾಗಿತ್ತು. ಬ್ರೈಲ್‌ನ ಆರು ಚುಕ್ಕಿಗಳಲ್ಲಿ ಕನ್ನಡ ಕಲಿತ ನಮ್ಮಂಥವರಿಗೆ ಕನ್ನಡ ಅಕ್ಷರದ ಆಕಾರವೇ ತಿಳಿದಿರುವುದಿಲ್ಲ. ತಲೆಕಟ್ಟು ಹೇಗಿರುತ್ತದೆ ಎಂಬುದನ್ನು ನಾನು ಅರಿತದ್ದು ಅಲ್ಲಿ, ಪುಸ್ತಕದಿಂದಲ್ಲ.

ಮುಟ್ಟಿದರೆ ಕಲಾಕೃತಿ ಹಾಳಾಗುತ್ತದೆ ಎನ್ನುತ್ತಾರೆ. ಒಪ್ಪುತ್ತೇನೆ. ಕೈಯ ಎಣ್ಣೆ ಮತ್ತು ಬೆವರಿನ ಉಪ್ಪು ಕಲ್ಲಿಗೂ ಲೋಹಕ್ಕೂ ಒಳ್ಳೆಯದಲ್ಲ. ಅದಕ್ಕೇ ಪ್ರತಿಕೃತಿ ಬೇಕು. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ 2015ರಲ್ಲೇ ‘ಅನುಭವ’ ಎಂಬ ವಿಭಾಗ ತೆರೆದು, ಮುಟ್ಟಿ ತಿಳಿಯುವ ಪ್ರತಿಕೃತಿಗಳನ್ನು ಬ್ರೈಲ್ ಬರಹದೊಂದಿಗೆ ಇಟ್ಟಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಖಾಸಗಿ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯದಲ್ಲಿಯೂ ಮುಟ್ಟಿ ನೋಡುವ ಕಲಾಕೃತಿಗಳಿವೆ. ಸರ್ಕಾರಕ್ಕೂ ಇದು ಹೊಸ ವಿದ್ಯೆಯಲ್ಲ. ಹಲ್ಮಿಡಿ ಶಾಸನದ ಪ್ರತಿಕೃತಿಯನ್ನು ಆ ಊರಿನಲ್ಲೇ ನಿಲ್ಲಿಸಿಲ್ಲವೇ? ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ತಲೆತಲಾಂತರದಿಂದ ಕಲ್ಲು ಕೆತ್ತುವವರಿದ್ದಾರೆ. ಅಳತೆ ಕೊಟ್ಟರೆ ಕಾಳಿಯನ್ನೂ ಹಂದಿಯನ್ನೂ ಕಡೆದು ಕೊಡಬಲ್ಲವರು ಅವರು. ಅವರಿಗೂ ಕೆಲಸ ಸಿಗುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಸಂಗ್ರಹಾಲಯದಲ್ಲಿ ಕಾವಲುಗಾರರು ನನ್ನ ಮೊಮ್ಮಗಳಿಗೆ, ‘ತಾತನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ನೀವು ನೋಡಿಕೊಂಡು ಬನ್ನಿ’ ಎಂದರು. ಕಕ್ಕುಲಾತಿಯಿಂದಲೇ ಹೇಳಿದ ಮಾತು ಅದು. ಆ ಬಡಪಾಯಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ, ನನಗೆ ತೋರಿಸಲು ಅಲ್ಲಿ ಏನೂ ಇರಲೂ ಇಲ್ಲ. ಗಾಲಿಕುರ್ಚಿಯಲ್ಲಿ ಬರುವವರ ಕಣ್ಣಿಗೆ ಎಟುಕದಷ್ಟು ಎತ್ತರದ ಗಾಜಿನ ಪೆಟ್ಟಿಗೆ, ಮಬ್ಬು ಬೆಳಕಿನಲ್ಲಿ ಹಿರಿಯರು ಓದಲಾಗದ ಸಣ್ಣ ಅಕ್ಷರದ ಫಲಕ, ಸನ್ನೆ ಭಾಷೆಯ ಒಂದು ವಿಡಿಯೊ ಕೂಡ ಇಲ್ಲದೆ ಮರಳುವ ಕಿವುಡ ಮಕ್ಕಳು, ಇವೂ ಇದೇ ಅಲಕ್ಷ್ಯದ ಫಲ.

ಇದು ಯಾರ ದಯೆಯ ಪ್ರಶ್ನೆಯೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಕಲೆಯನ್ನು ನಮಗೆ ಎಟುಕುವಂತೆ ಮಾಡಬೇಕೆಂದು ಹೇಳುತ್ತದೆ. ಇರುವ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟಿದ್ದ ಐದು ವರ್ಷದ ಗಡುವು 2022ರಲ್ಲೇ ಮುಗಿಯಿತು. ದೃಷ್ಟಿಹೀನರಾದ ರಾಜೀವ್ ರತೂರಿ ಅವರು 2005ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ, ಇಂಥ ಸೌಕರ್ಯಗಳ ಮಾನದಂಡ ಬರೀ ಶಿಫಾರಸಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದಿತು.

ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟು. ಆತಕೂರಿನ ಕಲ್ಲಿನಿಂದಲೇ ಆರಂಭಿಸಿ. ಮೂಲದಷ್ಟೇ ಗಾತ್ರದ ಪ್ರತಿಕೃತಿಯನ್ನು ಕೈಗೆಟಕುವ ಎತ್ತರದಲ್ಲಿಟ್ಟು, ಪಕ್ಕದಲ್ಲಿ ಬ್ರೈಲ್ ಫಲಕವನ್ನೂ ಕನ್ನಡದ ಧ್ವನಿ ವಿವರಣೆಯನ್ನೂ ಇರಿಸಿ. ಎಲ್ಲ ಸಿದ್ಧವಾದ ಮೇಲೆ ಉದ್ಘಾಟನೆಗೆ ಕರೆಯುವ ಬದಲು, ಕೆತ್ತನೆ ನಡೆಯುತ್ತಿರುವಾಗಲೇ ನಮ್ಮನ್ನು ಕರೆದು ಮುಟ್ಟಿಸಿ, ತಪ್ಪಿದ್ದಲ್ಲಿ ತಿದ್ದಿಕೊಳ್ಳಿ. ಈ ಕೆಲಸಕ್ಕೆ ಸ್ವಂತ ಖರ್ಚಿನಲ್ಲಿ ಬರಲು ನಾನು ಸಿದ್ಧನಿದ್ದೇನೆ. ಶಾಸನದ ಪಾಠವನ್ನು ಧ್ವನಿಮುದ್ರಿಸಲು ಓದಿ ಕೊಡುವುದಕ್ಕೂ ಸಿದ್ಧ.

ನಿವೃತ್ತ ಕನ್ನಡ ಉಪನ್ಯಾಸಕ,
ಮಂಡ್ಯ