ಆಸ್ಪತ್ರೆಗೂ ಒಂದು ಜಮಾಬಂದಿ ಬೇಕು

ಮಾನ್ಯ ಸಂಪಾದಕರೇ,

ನಾನು ಸಾಗರ ತಾಲ್ಲೂಕಿನವನು. ಇಪ್ಪತ್ತೆಂಟು ವರ್ಷ ಊರಿನ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಯಾಗಿದ್ದೆ. ಬೆಳಿಗ್ಗೆ ಆರಕ್ಕೆ ಕ್ಯಾನಿನ ಮುಂದೆ ಕೂತು ಲೀಟರು, ಫ್ಯಾಟು ಬರೆಯುವ ಕೆಲಸ. ಫ್ಯಾಟು ಒಂಚೂರು ಕಡಿಮೆ ಬಂದರೂ ಹೆಂಗಸರು ಬಿಡುತ್ತಿರಲಿಲ್ಲ. ‘ಇನ್ನೊಂದ್ಸಲ ನೋಡಿ’ ಅಂತ ಅಲ್ಲೇ ನಿಲ್ಲುತ್ತಿದ್ದರು. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆಯಲ್ಲಿ ಲೆಕ್ಕ ಓದಬೇಕಿತ್ತು. ಬೈಸಿಕೊಂಡದ್ದೂ ಉಂಟು. ಹಾಗಾಗಿ ಲೆಕ್ಕ ಕೊಡುವುದು, ಕೇಳುವುದು ಎರಡೂ ನನಗೆ ಅಭ್ಯಾಸ.

ಜನವರಿಯಲ್ಲಿ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಉಣುಗು ಹತ್ತದ ಹಾಗೆ ಕೈಕಾಲಿಗೆ ಸವರಿಕೊಳ್ಳುವ ಡೇಪಾ ಎಣ್ಣೆ ಬೇಕಿತ್ತು. ಚಳಿಗಾಲ ಮುಗಿಯುತ್ತಾ ಬಂದರೆ ನನ್ನ ಹೆಂಡತಿ ದಿನಾ ಸೊಪ್ಪಿನ ಬೆಟ್ಟಕ್ಕೆ ಹೋಗುತ್ತಾಳೆ. ಕೊಟ್ಟಿಗೆಗೆ ದರಗು, ಅಂದರೆ ಒಣಗಿದ ಎಲೆ, ಬೇಕಲ್ಲ. ‘ಸಪ್ಲೈ ಬಂದಿಲ್ಲ, ಮುಂದಿನ ವಾರ ಬನ್ನಿ’ ಎಂದರು ಸಿಸ್ಟರ್. ಮುಂದಿನ ವಾರವೂ ಹೋದೆ, ಅದರ ಮುಂದಿನ ವಾರವೂ ಹೋದೆ. ಬಸ್ಸಿಳಿದು ಎರಡು ಕಿಲೋಮೀಟರ್ ನಡೆಯಬೇಕು. ಕೊನೆಗೆ ಎಣ್ಣೆ ಬಂದಾಗ ಫೆಬ್ರವರಿ ಮುಗಿಯುತ್ತಿತ್ತು. ಅಷ್ಟರೊಳಗೆ ಗುಡ್ಡದ ದರಗೆಲ್ಲ ಕೊಟ್ಟಿಗೆ ಸೇರಿಯಾಗಿತ್ತು.

ಈ ಉಣುಗಿನಿಂದ ಹರಡುವ ಮಂಗನ ಕಾಯಿಲೆ ನಮ್ಮ ಶಿವಮೊಗ್ಗ ಜಿಲ್ಲೆಗೆ ಹೊಸದೇನಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗೊತ್ತಾದ ಕಾಯಿಲೆ ಇದು. ಡಾಕ್ಟರುಗಳು ಓದುವ ಪುಸ್ತಕದಲ್ಲಿ ಇವತ್ತಿಗೂ ಅದಕ್ಕೆ ಆ ಕಾಡಿನದೇ ಹೆಸರು. 2019ರಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಎಷ್ಟು ಮನೆಯವರು ಅತ್ತರು ಎನ್ನುವುದನ್ನು ನಿಮ್ಮ ಪತ್ರಿಕೆಯೇ ಬರೆದಿದೆ. ಹಳೆಯ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಈಗ ಕಾಡಿಗೆ ಹೋಗುವವರ ಕೈಯಲ್ಲಿರುವುದು ಈ ಎಣ್ಣೆಯೊಂದೇ. ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇವರೆಗೆ. ಇದು ಅರವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಎಲ್ಲರಿಗೂ ಗೊತ್ತು. ಎಣ್ಣೆ ನವೆಂಬರಿನಲ್ಲೇ ಮನೆಮನೆಗೆ ಮುಟ್ಟಬೇಕು. ಮಳೆ ಹಿಡಿದ ಮೇಲೆ ಬಂದರೆ ಅದರಲ್ಲಿ ದೀಪ ಹಚ್ಚುವುದಾ?

ಇದರಲ್ಲಿ ಸಿಸ್ಟರ್ ತಪ್ಪಿಲ್ಲ. ಬಂದ ಮೇಲೆ ಬಾಟಲಿಗಳನ್ನು ಚೀಲದಲ್ಲಿ ತುಂಬಿಕೊಂಡು ಮನೆಮನೆ ಹತ್ತಿಳಿದ ಆಶಾ ಕಾರ್ಯಕರ್ತೆಯದ್ದಂತೂ ಅಲ್ಲವೇ ಅಲ್ಲ. ಹಾಗಾದರೆ ತಡ ಮಾಡಿದ್ದು ಯಾರು? ಇಂಡೆಂಟ್, ಅಂದರೆ ಬೇಡಿಕೆ ಪಟ್ಟಿ, ಬರೆಯುವುದು ತಡವಾಯಿತಾ, ದುಡ್ಡು ಬಿಡುಗಡೆ ತಡವಾಯಿತಾ, ಇಲ್ಲಾ ಎಣ್ಣೆ ಎಲ್ಲೋ ಗೋಡೌನಿನಲ್ಲಿ ಕೂತಿತ್ತಾ? ಸುಮ್ನೆ ಬೈಯುವುದಕ್ಕಿಂತ ತಿಳಿದುಕೊಳ್ಳೋಣ ಅಂತ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಎಣ್ಣೆ ಕೇಳಿದ ತಾರೀಕು, ಬಂದ ತಾರೀಕು, ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯ ಒಂದು ವರ್ಷದ ಜಮಾ ಖರ್ಚು, ಡಾಕ್ಟರು ಇಲ್ಲಿ ಕೂತ ದಿನಗಳು. ಕೇಳಿದ್ದು ಇಷ್ಟೇ.

ಇಪ್ಪತ್ತೊಂಬತ್ತನೇ ದಿನಕ್ಕೆ ಉತ್ತರ ಬಂತು. ‘ಸದರಿ ಮಾಹಿತಿ ಮೇಲಿನ ಕಚೇರಿಯಲ್ಲಿದ್ದು, ಅಲ್ಲಿಯೇ ಕೋರಬಹುದು.’ ಅರ್ಜಿ ಬೇರೆ ಕಚೇರಿಗೆ ಸೇರಿದ್ದಾದರೆ ಐದು ದಿನದೊಳಗೆ ಅವರೇ ಅಲ್ಲಿಗೆ ಕಳಿಸಬೇಕು ಅಂತ 2005ರ ಕಾಯಿದೆಯೇ ಹೇಳುತ್ತದೆ. ಮೇಲ್ಮನವಿ ಹಾಕಿದೆ. ಆಮೇಲೆ ನಾಲ್ಕು ಹಾಳೆ ಜೆರಾಕ್ಸ್ ಬಂತು. ಎಣ್ಣೆಯ ತಾರೀಕು ಅದರಲ್ಲಿ ಇರಲೇ ಇಲ್ಲ. ಸಮಿತಿಯ ಖರ್ಚಿನಲ್ಲಿ ಎಲ್ಲಕ್ಕಿಂತ ದೊಡ್ಡ ಮೊತ್ತದ ಎದುರು ‘ಇತರೆ’ ಅಂತ ಬರೆದಿತ್ತು, ಅದೂ ಮಾರ್ಚ್ ಕೊನೆಯ ವಾರದ್ದು. ಡೇರಿಯ ಲೆಡ್ಜರಿನಲ್ಲಿ ನಾನೊಮ್ಮೆ ಹೀಗೆ ‘ಇತರೆ’ ಅಂತ ಬರೆದಿದ್ದಕ್ಕೆ ಆಡಿಟರು ಪೊರಕೆ, ಫಿನಾಯಿಲಿನ ರಸೀದಿವರೆಗೆ ಹುಡುಕಿಸಿದ್ದರು. ದುಡ್ಡು ತಿಂದಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಔಷಧಿಗೇ ಹೋಗಿರಬಹುದು. ಹಾಗಿದ್ದರೆ ಹಾಗಂತ ಬರೆಯಲು ಏನು ಕಷ್ಟ?

ಡಾಕ್ಟರ ವಿಷಯವೂ ಹೀಗೇ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಾದರೆ, ಗುಡ್ಡಗಾಡಿನಲ್ಲಿ 20,000ಕ್ಕೇ ಒಂದು ಇರಬೇಕು ಅಂತ ಸರ್ಕಾರದ ನಿಯಮ. ನಮ್ಮಲ್ಲಿ ಕಟ್ಟಡವಿದೆ, ಆ ಲೆಕ್ಕಕ್ಕೆ ಕೊರತೆ ಇಲ್ಲ. ಆದರೆ ಡಾಕ್ಟರಿಗೆ ಇನ್ನೊಂದು ಕೇಂದ್ರದ ಪ್ರಭಾರ. ವಾರಕ್ಕೆ ಮೂರು ದಿನ ಇಲ್ಲಿ, ಮೂರು ದಿನ ಅಲ್ಲಿ. ಯಾವ ದಿನ ಎಲ್ಲಿ ಅಂತ ಒಂದು ಚೀಟಿ ಅಂಟಿಸಿದರೂ ಜ್ವರದ ಮಗುವನ್ನು ಎತ್ತಿಕೊಂಡು ಬಂದವರು ಬಾಗಿಲಿಂದ ವಾಪಸಾಗುವುದು ತಪ್ಪುತ್ತದೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತಲ್ಲ, ಶರಾವತಿ ಹಿನ್ನೀರಿನ ಆಚೆಯ ನನ್ನ ನೆಂಟರಿಗೆ ಬಹಳ ಸಂತೋಷ. ರಾತ್ರಿ ಲಾಂಚಿಲ್ಲದೆ ರೋಗಿಯನ್ನು ಇಟ್ಟುಕೊಂಡು ಬೆಳಗು ಮಾಡಿದವರು ಅವರು. ರಸ್ತೆ, ಸೇತುವೆಯಾದರೆ ಕಣ್ಣಿಗೆ ಕಾಣುತ್ತದೆ. ಔಷಧಿ ಕಪಾಟು ಖಾಲಿ ಇರುವುದು ಒಳಗೆ ಹೋದವನಿಗೆ ಮಾತ್ರ ಗೊತ್ತು.

2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ರಾಜ್ಯಗಳು ಬಜೆಟ್ಟಿನ ಶೇ 8ಕ್ಕಿಂತ ಜಾಸ್ತಿ ಆರೋಗ್ಯಕ್ಕೆ ಇಡಬೇಕು ಅಂತ ಬರೆದುಕೊಂಡಿದ್ದಾರೆ, ಅದೂ 2020ರೊಳಗೆ. ಅದನ್ನು ವಿಧಾನಸೌಧದಲ್ಲಿ ಕೂತವರು ಕೇಳಲಿ. ನನಗೆ ಬೇಕಾಗಿರುವುದು ನಮ್ಮೂರ ಕೇಂದ್ರದ ಸಣ್ಣ ಲೆಕ್ಕ. ಗ್ರಾಮ ಪಂಚಾಯಿತಿಗೆ ಪ್ರತಿ ವರ್ಷ ಜಮಾಬಂದಿ ಇದೆ. ಜನರ ಎದುರು ಪುಸ್ತಕ ಬಿಚ್ಚಬೇಕು, ಮಾಡಿದ ಕೆಲಸ ತೋರಿಸಬೇಕು. ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳೆತ್ತಿದ್ದಕ್ಕೂ ಸಾಮಾಜಿಕ ಪರಿಶೋಧನೆ ನಡೆಯುತ್ತಿತ್ತು. ಆರೋಗ್ಯ ಕೇಂದ್ರಕ್ಕೆ ಮಾತ್ರ ಯಾಕಿಲ್ಲ? ಸಮಿತಿಯಲ್ಲಿ ಊರಿನವರೂ ಇದ್ದಾರೆ, ನಿಜ. ಸಭೆ ಯಾವಾಗ ನಡೆಯಿತು ಅಂತ ಅವರಲ್ಲೊಬ್ಬರನ್ನು ಕೇಳಿದೆ. ‘ಸಹಿ ಹಾಕಿದ್ದು ನೆನಪಿದೆ’ ಎಂದರು!

ಜಿಲ್ಲಾ ಪಂಚಾಯಿತಿಯವರಲ್ಲಿ ನನ್ನ ಕೋರಿಕೆ ಇದು. ಎಣ್ಣೆಯ ಇಂಡೆಂಟ್ ಅಕ್ಟೋಬರಿನಲ್ಲಿ ಹೋಯಿತೋ ಇಲ್ಲವೋ ಎನ್ನುವುದನ್ನು ಪ್ರತಿ ಕೇಂದ್ರದ ಹೊರಗೋಡೆಯ ಮೇಲೆ ಬರೆಸಲಿ. ಬಂದ ದುಡ್ಡು, ಖರ್ಚಾದ ದುಡ್ಡು, ಡಾಕ್ಟರು ಇರುವ ದಿನಗಳನ್ನೂ ಜೊತೆಗೆ ಬರೆಸಲಿ. ತಿಂಗಳಿಗೊಮ್ಮೆ ಒರೆಸಿ ಬರೆದರೆ ಸಾಕು. ಹಲಗೆಗೆ ಅನುದಾನವಿಲ್ಲ ಎನ್ನುವ ಉತ್ತರ ಬರಬಹುದು. ಡೇರಿಯ ಹಳೇ ಕಪ್ಪು ಹಲಗೆಯೊಂದು ನಮ್ಮ ಅಟ್ಟದಲ್ಲಿದೆ. ಮೂಲೆ ಸ್ವಲ್ಪ ಗೆದ್ದಲು ತಿಂದಿದೆ, ಅಷ್ಟೇ. ಹೇಳಿ ಕಳಿಸಿದರೆ ನಾನೇ ಹೊತ್ತುಕೊಂಡು ಹೋಗಿ ಮೊಳೆ ಹೊಡೆದು ಬರುತ್ತೇನೆ.

– ಒಬ್ಬ ನಿವೃತ್ತ ಡೇರಿ ಕಾರ್ಯದರ್ಶಿ, ಸಾಗರ ತಾಲ್ಲೂಕು